ಬಚ್ಚಲಿಗೆ ಬಂದ ಬಿಳಿ ಕಲ್ಲು

ಬಚ್ಚಲುಮನೆಯ ಕೆಲಸ ಮುಗಿದು ನಾಲ್ಕು ತಿಂಗಳಾಯಿತು. ಈಗ ಆಷಾಢದ ಮಳೆ ಹಿಡಿದಿದೆ, ಅಂಗಳದ ಕಲ್ಲುಗಳ ಮೇಲೆ ಪಾಚಿ ಕಟ್ಟಿದೆ, ಒಗೆದ ಬಟ್ಟೆ ಒಲೆಯ ಮೇಲಿನ ಗಳದಲ್ಲಿ ಮೂರು ದಿನ ತೂಗಿದರೂ ಒಣಗುವುದಿಲ್ಲ. ಇಷ್ಟು ತೇವದ ನಡುವೆಯೂ ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ನಿಂತು ತಲೆಯೆತ್ತಿದರೆ ಪಕಾಸಿ ಮತ್ತು ರೀಪುಗಳ ಸಂದಿಯ ಜೇಡರ ಬಲೆಗಳು ಬೆಳ್ಳಗೆ ಕಾಣುತ್ತವೆ. ಅಡುಗೆಮನೆಯ ಕಡೆಯ ಬಲೆಗಳು ಹೊಗೆಗೆ ಕಪ್ಪಾಗಿವೆ, ಕೊಟ್ಟಿಗೆಯ ಕಡೆಯವು ಹುಲ್ಲಿನ ಧೂಳಿಗೆ ಕಂದಾಗಿವೆ. ಜಗಲಿಯವು ಮಾತ್ರ ಯಾರೋ ಅಕ್ಕಿಹಿಟ್ಟು ಜರಡಿಯಾಡಿದಂತೆ ಬಿಳಿ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿ ಎರಡು ಗಂಟೆ ಕಾಲ, ಬಚ್ಚಲಿಗೆಂದು ತಂದ ಕ್ವಾರ್ಟ್ಜ್ ಎಂಬ ಬಿಳಿ ಕಲ್ಲಿನ ಒಂದು ಸ್ಲ್ಯಾಬನ್ನು ಕತ್ತರಿಸಲಾಯಿತು. ನೆಲವನ್ನು ಅಂದೇ ಗುಡಿಸಿ, ಒರೆಸಿ, ಮರೆತೆವು. ನೆಲಕ್ಕೆ ಬೀಳದೆ ತೇಲಿಹೋದ ಹುಡಿ ಮಾತ್ರ ಮಾಡಿನಲ್ಲಿ ಉಳಿದಿದೆ. ಅಷ್ಟೆತ್ತರಕ್ಕೆ ಏರಿದ ಹುಡಿಯು ಅದರ ಕೆಳಗೇ ಯಂತ್ರ ಹಿಡಿದು ಕುಳಿತಿದ್ದ ಹುಡುಗನ ಎದೆಯೊಳಗೆ ಎಷ್ಟು ಇಳಿದಿರಬಹುದು ಎಂಬ ಲೆಕ್ಕ ನನ್ನನ್ನು ಬಿಡುತ್ತಿಲ್ಲ.

ಬಚ್ಚಲನ್ನು ಬದಲಿಸಲೇಬೇಕಾಗಿತ್ತು. ಅಮ್ಮನಿಗೆ 78 ವರ್ಷ. ಹಳೆಯ ಬಚ್ಚಲು ಎರಡು ಮೆಟ್ಟಿಲು ಕೆಳಗಿದ್ದು, ಹಂಡೆಯ ಮುಂದಿನ ಚಪ್ಪಡಿ ಕಲ್ಲು ಮೂರು ತಲೆಮಾರುಗಳ ಕಾಲಿಗೆ ಸವೆದು ಕನ್ನಡಿಯಂತಾಗಿತ್ತು. ಕಳೆದ ವರ್ಷ ನೀರು ತುಂಬುವ ಹಬ್ಬದ ಮರುದಿನ ಎಣ್ಣೆ ಸ್ನಾನಕ್ಕೆ ಹೋದ ಅಮ್ಮ ಅಲ್ಲಿಯೇ ಜಾರಿದರು. ಮೂಳೆ ಮುರಿಯಲಿಲ್ಲ, ಆದರೆ ಅಂದಿನಿಂದ ತಂಬಿಗೆ ಹಿಡಿಯುವ ಮೊದಲು ಗೋಡೆ ಹಿಡಿಯುವುದು ಅವರಿಗೆ ಅಭ್ಯಾಸವಾಯಿತು. ಹೀಗಾಗಿ ಸಮತಟ್ಟಾದ ನೆಲ, ಕುಳಿತು ಸ್ನಾನ ಮಾಡಲು ಒಂದು ಕಟ್ಟೆ, ಕೈತೊಳೆಯುವ ಬೇಸಿನ್ನಿಗೆ ಒಂದು ಕೌಂಟರ್ ಎಂದು ನಿರ್ಧರಿಸಿ ಅಮ್ಮನನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಅಂಗಡಿಯಲ್ಲಿ ಸಾಲಾಗಿ ಒರಗಿಸಿಟ್ಟಿದ್ದ ಬಿಳಿಯ ಸ್ಲ್ಯಾಬುಗಳನ್ನು ತೋರಿಸಿ ಮಾರಾಟದ ಹುಡುಗ, "ಗ್ರಾನೈಟ್‌ಗಿಂತ ಗಟ್ಟಿ ಮೇಡಂ, ಕಲೆ ಹಿಡಿಯಲ್ಲ, ಕ್ವಾರ್ಟ್ಜ್ ಅಂದ್ರೆ ಕಲ್ಲೇ" ಎಂದ. ಅಮ್ಮ ಒಂದರ ಬೂದು ಗೆರೆಯ ಮೇಲೆ ಬೆರಳಾಡಿಸಿ, ಪಕ್ಕದ ಇನ್ನೊಂದಕ್ಕೆ ಹೋಗಿ ಅಲ್ಲಿಯೂ ಬೆರಳಾಡಿಸಿ, "ಎರಡರಲ್ಲೂ ಗೆರೆ ಒಂದೇ ಜಾಗದಲ್ಲಿ ತಿರುಗ್ತದಲ್ಲೇ ಮಾರಾಯ್ತಿ, ಕಲ್ಲು ಹಾಗಿರ್ತದಾ?" ಎಂದು ಕೇಳಿದರು. ಆ ಹೊತ್ತಿಗೆ ನಾನು ಆ ಮಾತಿನ ಮುಂದೆ ನಿಲ್ಲಲಿಲ್ಲ. ಬಿಳಿಯ ಬಣ್ಣ ನನಗೆ ಹಿಡಿಸಿತ್ತು.

ಬೆಣಚುಕಲ್ಲು ಮತ್ತು ಅಂಟು

ಕ್ವಾರ್ಟ್ಜ್ ಎಂದರೆ ನಮ್ಮ ಬೆಣಚುಕಲ್ಲು. ಮಲೆನಾಡಿನ ಹಳ್ಳದಲ್ಲಿ, ಗದ್ದೆಯ ಅಂಚಿನಲ್ಲಿ, ಮಣ್ಣು ರಸ್ತೆಯ ಮೇಲೆ ಬೇಕಾದಷ್ಟು ಸಿಗುತ್ತದೆ. ಚಿಕ್ಕಂದಿನಲ್ಲಿ ನಾವು ಮುಷ್ಟಿಗಾತ್ರದ ಎರಡು ಬೆಣಚುಕಲ್ಲುಗಳನ್ನು ಹೆಕ್ಕಿ ತಂದು, ರಾತ್ರಿ ಕಂಬಳಿಯೊಳಗೆ ಕುಳಿತು ಒಂದಕ್ಕೊಂದು ಬಲವಾಗಿ ಉಜ್ಜುತ್ತಿದ್ದೆವು. ಕಲ್ಲಿನ ಒಳಗಿನಿಂದಲೇ ಹಳದಿ ಬೆಳಕು ಮಿನುಗಿ ಮಾಯವಾಗುತ್ತಿತ್ತು, ಸುಟ್ಟಂಥ ಒಂದು ವಾಸನೆ ಮೂಗಿಗೆ ಬರುತ್ತಿತ್ತು. ಬೆಂಕಿಯಲ್ಲದ ಆ ಬೆಳಕು ಹರಳು ಉಜ್ಜಿ ಒಡೆಯುವಾಗ ಹುಟ್ಟುತ್ತದೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಅಮೃತಶಿಲೆಗೆ ಕೇವಲ 3. ಚಾಕುವಿನ ಮೊನೆ ಅಮೃತಶಿಲೆಯನ್ನು ಗೀರುತ್ತದೆ, ಬೆಣಚನ್ನು ಗೀರುವುದಿಲ್ಲ. ಅಂಗಡಿಯ ಹುಡುಗ ಹೇಳಿದ್ದರಲ್ಲಿ ಈ ಅಂಶ ನಿಜ.

ಆದರೆ ಸ್ಲ್ಯಾಬಿನಲ್ಲಿರುವುದು ಬಂಡೆಯಿಂದ ಕೊಯ್ದ ಬೆಣಚಲ್ಲ. ಬೆಣಚನ್ನು ಒಡೆದು ಹರಳು ಮತ್ತು ಹಿಟ್ಟು ಮಾಡಿ, ಅದಕ್ಕೆ ತೂಕದಲ್ಲಿ ನೂರಕ್ಕೆ 7ರಿಂದ 10 ಭಾಗ ಪಾಲಿಯೆಸ್ಟರ್ ರಾಳ ಮತ್ತು ಬಣ್ಣ ಬೆರೆಸಿ, ಅಚ್ಚಿನಲ್ಲಿ ಹರಡಿ, ಗಾಳಿಯನ್ನೆಲ್ಲ ಹೀರಿ ತೆಗೆದು, ಕಂಪನ ಕೊಡುತ್ತಾ ಅದುಮಿ, ಬಿಸಿಯಲ್ಲಿ ಗಟ್ಟಿಯಾಗಿಸಿ, ಆಮೇಲೆ ಪಾಲಿಶ್ ಮಾಡುತ್ತಾರೆ. ರಾಳ ಕಲ್ಲಿಗಿಂತ ಬಹಳ ಹಗುರ. ಹಾಗಾಗಿ ತೂಕದಲ್ಲಿ 8 ಭಾಗ ಎಂದರೆ ಗಾತ್ರದಲ್ಲಿ ಸುಮಾರು ಆರನೆಯ ಒಂದು ಪಾಲು ಅಂಟು ಎಂದಾಗುತ್ತದೆ. ಅಮ್ಮನ ಬೆರಳು ಗುರುತಿಸಿದ ಗೆರೆ ಭೂಮಿ ಎಳೆದದ್ದಲ್ಲ, ಕಾರ್ಖಾನೆಯ ಯಂತ್ರ ಒಂದೇ ನಕ್ಷೆಯಂತೆ ಮತ್ತೆ ಮತ್ತೆ ಎಳೆದದ್ದು. ಈ ವಿಧಾನವನ್ನು ರೂಪಿಸಿದ್ದು ಇಟಲಿಯ ವೆನೆಟೊ ಪ್ರಾಂತ್ಯದ ಬ್ರೆಟನ್ ಎಂಬ ಕಂಪನಿ. ಮಾರ್ಚೆಲೊ ತೊನ್ಚೆಲಿ ಅದನ್ನು 1963ರಲ್ಲಿ ಕಟ್ಟಿದರು. ಜಗತ್ತಿನ ಬಹುಪಾಲು ಕ್ವಾರ್ಟ್ಜ್ ಸ್ಲ್ಯಾಬುಗಳು ಇಂದಿಗೂ ಆ ವಿಧಾನದಿಂದ, ಇಲ್ಲವೇ ಅದನ್ನು ಅನುಸರಿಸಿದ ಯಂತ್ರಗಳಿಂದ ಬರುತ್ತವೆ. ನಮ್ಮ ದೇಶದಲ್ಲಿಯೂ ಇದರ ಕಾರ್ಖಾನೆಗಳಿವೆ. ಅದೇ ವೆನೆಟೊ ಪ್ರಾಂತ್ಯದ ವೆನಿಸ್ಸಿನ ಕೆಲಸಗಾರರು ಶತಮಾನಗಳ ಹಿಂದೆ ಅಮೃತಶಿಲೆಯ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಉಜ್ಜಿ ನೆಲ ಮಾಡುತ್ತಿದ್ದರು. ಟೆರಾಝೊ ಎಂಬ ಆ ನೆಲವನ್ನೇ ನಾವು ಮೊಸಾಯಿಕ್ ಎಂದು ಕರೆದು 1980ರ ದಶಕದಲ್ಲಿ ಊರೂರಿಗೂ ಹಾಕಿಸಿಕೊಂಡೆವು. ಚೂರನ್ನು ಅಂಟಿನಿಂದ ಹಿಡಿದು ಕಲ್ಲು ಮಾಡುವ ಉಪಾಯ ಹಳೆಯದೇ. ಗಾರೆ ಹೋಗಿ ಸಿಮೆಂಟ್ ಬಂತು, ಸಿಮೆಂಟ್ ಹೋಗಿ ರಾಳ ಬಂತು.

ಕೃತಕ ಕಲ್ಲು ಎಂದ ಮಾತ್ರಕ್ಕೆ ಅದು ಮೋಸದ ಸರಕು ಎಂದು ನಾನು ಭಾವಿಸುವುದಿಲ್ಲ. ಬಚ್ಚಲಿನ ಮಟ್ಟಿಗೆ ಅದರ ಗುಣಗಳು ನಿಜವಾದವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆ ನಮ್ಮ ಮನೆಗೆ ದೂರವಿಲ್ಲ. ಇಂತಲ್ಲಿ ನೀರು ಕುಡಿಯುವ ಯಾವ ಕಲ್ಲಾದರೂ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕ್ವಾರ್ಟ್ಜ್ ಸ್ಲ್ಯಾಬು ನೀರನ್ನು ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ ಹೀರುತ್ತದೆ. ಬೂಷ್ಟು ಬರುವುದೇನಿದ್ದರೂ ಎರಡು ತುಂಡುಗಳ ನಡುವಿನ ಸಿಮೆಂಟ್ ಗ್ರೌಟಿನಲ್ಲಿ, ಇಲ್ಲವೇ ಬೇಸಿನ್ನಿನ ಅಂಚಿನ ಸಿಲಿಕೋನ್ ಪಟ್ಟಿಯ ಹಿಂದೆ.

ಆ್ಯಸಿಡ್ಡಿನ ಮಾತು ಬೇರೆ. ಕಕ್ಕಸು ತೊಳೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಸುಣ್ಣದ ವಂಶದ ಎಲ್ಲವನ್ನೂ ತಿನ್ನುತ್ತದೆ: ಅಮೃತಶಿಲೆ, ಮೊಸಾಯಿಕ್ ನೆಲದ ಚೂರು, ಆ ಚೂರನ್ನು ಹಿಡಿದ ಸಿಮೆಂಟ್, ಎಲ್ಲವನ್ನೂ. ಶಿವಮೊಗ್ಗದಲ್ಲಿ ನನ್ನ ಸೋದರಮಾವನ ಮನೆಯ ಮೊಸಾಯಿಕ್ ಬಚ್ಚಲಿನಲ್ಲಿ ಹಬ್ಬದ ಹಿಂದಿನ ದಿನ ಆ್ಯಸಿಡ್ ಸುರಿದರೆ ನೆಲವೆಲ್ಲ ನೊರೆಯೆದ್ದು ಬುಸುಗುಟ್ಟುತ್ತಿತ್ತು. ಕೊಳೆ ಬಿಡುತ್ತಿದೆ ಎಂದು ಅತ್ತೆ ಸಂತೋಷಪಡುತ್ತಿದ್ದರು. ಬಿಡುತ್ತಿದ್ದದ್ದು ನೆಲವೇ. ಹತ್ತು ವರ್ಷಗಳಲ್ಲಿ ಕಲ್ಲಿನ ಚೂರುಗಳು ಗುಳಿಬಿದ್ದು, ಆ ಗುಳಿಗಳಲ್ಲಿ ನಿಜವಾದ ಕೊಳೆ ಕುಳಿತು, ಮತ್ತಷ್ಟು ಆ್ಯಸಿಡ್ಡಿಗೆ ಕಾರಣವಾಯಿತು. ಅದೇ ಮನೆಗೆ ಆಮೇಲೆ ಬಂದ ಸಿಂಥೆಟಿಕ್ ಮಾರ್ಬಲ್ ಬೇಸಿನ್ ಇನ್ನೊಂದು ಬಗೆಯಲ್ಲಿ ಸೋತಿತು. ಅದು ಅಮೃತಶಿಲೆಯ ಹಿಟ್ಟನ್ನು ಪಾಲಿಯೆಸ್ಟರ್ ರಾಳದಲ್ಲಿ ಕಲಸಿ ಅಚ್ಚು ಹಾಕಿದ್ದು. ಮೇಲೆ ಅರ್ಧ ಮಿಲಿಮೀಟರಿನಷ್ಟು ದಪ್ಪದ ಹೊಳೆಯುವ ಪದರ. ಮುಖ ತೊಳೆಯಲು ಬಿಸಿನೀರು, ಹಿಂದೆಯೇ ತಣ್ಣೀರು ಬೀಳುತ್ತಾ ಬೀಳುತ್ತಾ ತೂತಿನ ಸುತ್ತ ಕೂದಲೆಳೆಯಂಥ ಬಿರುಕುಗಳು ಹುಟ್ಟಿ, ಪದರದ ಕೆಳಗಿನ ಸುಣ್ಣದ ಹಿಟ್ಟು ತೆರೆದುಕೊಂಡಿತು. ಕ್ವಾರ್ಟ್ಜಿಗೆ ಈ ಎರಡು ಭಯಗಳೂ ಕಡಿಮೆ, ಏಕೆಂದರೆ ಬೆಣಚು ಆ ಆ್ಯಸಿಡ್ಡಿಗೆ ಜಗ್ಗುವುದಿಲ್ಲ, ಬಿರುಕು ಬಿಡಲು ಮೇಲೆ ಬೇರೆ ಪದರವೂ ಇಲ್ಲ. ಅದು ಸೋಲುವುದು ಅಂಟಿನ ಕಡೆಯಿಂದ: ವರ್ಷಗಟ್ಟಲೆ ಬಿಸಿಲು ಬಿದ್ದರೆ ಹಳದಿಯಾಗುತ್ತದೆ, ಒಲೆಯಿಂದ ಇಳಿಸಿದ ಪಾತ್ರೆ ನೇರವಾಗಿ ಕುಳಿತರೆ ಸುಟ್ಟ ಗುರುತು ಉಳಿಯುತ್ತದೆ, ಮೋರಿ ಬಿಡಿಸುವ ಕಾಸ್ಟಿಕ್ ಸೋಡಾ ಹೊಳಪನ್ನು ತಿನ್ನುತ್ತದೆ.

ಒಂದು ವಿಷಯದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಹೊಳೆಯುವ ಸ್ಲ್ಯಾಬು ಬಚ್ಚಲಿನ ನೆಲಕ್ಕೆ ಸಲ್ಲದು. ಅಂಗಡಿಗಳಲ್ಲಿ ಟೈಲ್ಸಿಗೆ ಆರ್ 9, ಆರ್ 10 ಎಂದು ಜಾರುವಿಕೆಯ ಸಂಖ್ಯೆ ಹೇಳುತ್ತಾರೆ. ಅದು ಎಣ್ಣೆ ಸುರಿದ ಇಳಿಜಾರಿನ ಮೇಲೆ ಬೂಟು ಹಾಕಿಕೊಂಡು ನಡೆದು ಅಳೆದದ್ದು. ಸಾಬೂನಿನ ನೀರಿನ ಮೇಲೆ ಬರಿಗಾಲಿನಲ್ಲಿ ನಡೆದು ಅಳೆಯುವ ಎ, ಬಿ, ಸಿ ಎಂಬ ಬೇರೆ ಜರ್ಮನ್ ಶ್ರೇಣಿಯಿದೆ. ಎ ಎಂದರೆ 12 ಡಿಗ್ರಿ, ಬಿ ಎಂದರೆ 18 ಡಿಗ್ರಿ, ಸಿ ಎಂದರೆ 24 ಡಿಗ್ರಿ ಇಳಿಜಾರಿನವರೆಗೂ ಕಾಲು ನಿಲ್ಲುತ್ತದೆ. ಬಚ್ಚಲಿಗೆ ನಾವು ಹೋಗುವುದು ಬರಿಗಾಲಿನಲ್ಲಿ. ಕೇಳಬೇಕಾದ ಶ್ರೇಣಿ ಅದು. ಅಮ್ಮನ ನೆಲಕ್ಕೆ ನಾನು ಬೆಂಕಿಯಲ್ಲಿ ಸುಟ್ಟು ಒರಟಾಗಿಸಿದ ಗ್ರಾನೈಟನ್ನೇ ಆರಿಸಿದೆ. ಕ್ವಾರ್ಟ್ಜ್ ಕೌಂಟರಿಗೆ ಮತ್ತು ಕುಳಿತುಕೊಳ್ಳುವ ಕಟ್ಟೆಗೆ ಮಾತ್ರ.

ಜಗಲಿಯ ಆ ಮಧ್ಯಾಹ್ನ

ಕೌಂಟರ್ ಕತ್ತರಿಸಲು ಬಂದವನು ಭದ್ರಾವತಿ ಕಡೆಯ ಹುಡುಗ. ವಯಸ್ಸು 23. ಹದಿನೆಂಟರಿಂದ ಇದೇ ಕೆಲಸ. ಸ್ಲ್ಯಾಬನ್ನು ಎರಡು ಹಲಗೆಗಳ ಮೇಲೆ ಮಲಗಿಸಿ, ಬೇಸಿನ್ನಿನ ಅಚ್ಚಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ತಲೆಗೆ ಸುತ್ತಿದ್ದ ಟವೆಲನ್ನು ಮೂಗಿಗೆ ಇಳಿಸಿಕೊಂಡ. ಅವನ ತಯಾರಿ ಅಷ್ಟೇ. ನಮ್ಮ ತಯಾರಿ ದೊಡ್ಡದಿತ್ತು. ಧೂಳು ಬರುತ್ತದೆ ಎಂದು ಮೇಸ್ತ್ರಿ ಮೊದಲೇ ಹೇಳಿದ್ದರಿಂದ ನಾನು ಟಿವಿಗೆ ಹಳೆಯ ಸೀರೆ ಮುಚ್ಚಿದೆ, ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿದೆ, ದೇವರ ಕೋಣೆಯ ಬಾಗಿಲೆಳೆದೆ, ಅಮ್ಮನನ್ನು ಹಿತ್ತಲ ಕಡೆಗೆ ಕಳಿಸಿದೆ. ಬ್ಲೇಡು ಕಲ್ಲಿಗೆ ತಾಗಿದೊಡನೆ ಎದ್ದ ಮೋಡದಲ್ಲಿ ಅವನ ಕೈ ಕಾಣಿಸಲಿಲ್ಲ. ಅರ್ಧ ಗಂಟೆಯ ನಂತರ ಯಂತ್ರ ನಿಲ್ಲಿಸಿ ನೀರು ಕೇಳಿದ. ಹುಬ್ಬು, ರೆಪ್ಪೆ, ಕಿವಿಯ ಸುರುಳಿ ಎಲ್ಲವೂ ಬಿಳಿ. ಟವೆಲು ತೆಗೆದಾಗ ಮೂಗಿನ ಹೊಳ್ಳೆಗಳ ಒಳಗೂ ಬಿಳಿ. ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂಗಳಕ್ಕೆ ಉಗಿದದ್ದು ಹಾಲಿನಂತಿತ್ತು.

"ನೀರು ಹಾಕಿಕೊಂಡು ಕುಯ್ಯೋದಿಲ್ವಾ?" ಎಂದು ಕೇಳಿದೆ. "ನೀರು ಹಾಕಿದ್ರೆ ಗೆರೆ ಕಾಣಲ್ಲಕ್ಕಾ. ಈ ಮಷೀನಿಗೆ ಶಾಕ್ ಬೇರೆ ಹೊಡೀತದೆ" ಎಂದ. ಎರಡು ಕಾರಣಗಳೂ ನಿಜವಾಗಿದ್ದವು. ಅವನ ಕೈಯಲ್ಲಿದ್ದ ಯಂತ್ರ ಒಣ ಕೆಲಸದ್ದು. ಅದರ ಮೇಲೆ ನೀರು ಸುರಿಯುವುದು ಜೀವಕ್ಕೇ ಅಪಾಯ. ನೀರಿನ ಪೈಪ್ ಜೋಡಿಸಿದ ಯಂತ್ರ ಬೇರೆ ಬರುತ್ತದೆ, ಅದರೊಂದಿಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್ ಮನೆಯಲ್ಲಿರಬೇಕು, ಗೆರೆಯನ್ನು ಪೆನ್ಸಿಲಿಗೆ ಬದಲು ಟೇಪು ಅಂಟಿಸಿ ಗುರುತಿಸಬೇಕು. ಇದನ್ನೆಲ್ಲ ನಾನು ತಿಳಿದದ್ದು ಆ ದಿನ ಕಳೆದ ಮೇಲೆ. ಅಂದು ನಾನು ಮಾಡಿದ್ದು ಅವನಿಗೆ ಮಜ್ಜಿಗೆ ಕೊಟ್ಟು ಒಳಗೆ ಹೋಗಿ ಕಿಟಕಿ ಹಾಕಿಕೊಂಡದ್ದು. ಉಳಿದ ಒಂದೂವರೆ ಗಂಟೆ ಅವನು ಹಾಗೆಯೇ ಕತ್ತರಿಸಿದ.

ಹಂಡೆಗೆ ಮುಚ್ಚಿದ ಬಟ್ಟೆ

ಆ ರಾತ್ರಿ ಟಿವಿಯ ಮೇಲಿನ ಸೀರೆಯನ್ನು ಅಂಗಳದಲ್ಲಿ ಕೊಡವುವಾಗ ಹಳೆಯದೊಂದು ನೆನಪಾಯಿತು. ನಮ್ಮ ಬಚ್ಚಲಿನ ಚಪ್ಪಡಿ ನುಣುಪಾದಾಗಲೆಲ್ಲ ಅಜ್ಜಿ ಕಲ್ಲು ಕುಟ್ಟುವವನಿಗೆ ಹೇಳಿ ಕಳಿಸುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅವನು ಗೋಣಿಯ ಗಂಟಿನಲ್ಲಿ ಉಳಿ, ಸುತ್ತಿಗೆ ಕಟ್ಟಿಕೊಂಡು ಬಂದು, ಒರಳು ಮತ್ತು ಬೀಸುಕಲ್ಲಿಗೆ ಕಚ್ಚು ಹಾಕಿ, ಆಮೇಲೆ ಬಚ್ಚಲಿಗೆ ಇಳಿಯುತ್ತಿದ್ದ. ಉಳಿಯನ್ನು ಓರೆಯಾಗಿ ಹಿಡಿದು, ಬೆರಳಗಲಕ್ಕೆ ಒಂದರಂತೆ ಪೆಟ್ಟು ಹಾಕುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದ. ಸಂಜೆಯ ಹೊತ್ತಿಗೆ ಕಲ್ಲಿನ ತುಂಬ ಎಳ್ಳು ಚೆಲ್ಲಿದಂತೆ ಗುಳಿಗಳು. ಮರುದಿನ ಅದರ ಮೇಲೆ ನಿಂತರೆ ಅಂಗಾಲಿಗೆ ಕಚಗುಳಿಯಿಡುತ್ತಿತ್ತು, ಕಾಲು ಮಾತ್ರ ಎಳ್ಳಷ್ಟೂ ಜಾರುತ್ತಿರಲಿಲ್ಲ. ಅಜ್ಜಿ ತೀರಿಹೋದ ಮೇಲೆ ಯಾರೂ ಅವನನ್ನು ಕರೆಸಲಿಲ್ಲ; ಅಮ್ಮ ಜಾರಿದ್ದಕ್ಕೆ ಅದೂ ಒಂದು ಕಾರಣ.

ಈ ನೆನಪನ್ನು ನಾನು ಎಷ್ಟೋ ಸಲ ಪ್ರೀತಿಯಿಂದ ಹೇಳಿಕೊಂಡಿದ್ದೇನೆ. ಅಂದಿನ ರಾತ್ರಿ ಅದರ ಇನ್ನೊಂದು ತುಂಡು ಎದ್ದು ಬಂತು. ಅವನು ಬಚ್ಚಲಿಗೆ ಇಳಿಯುವ ಮೊದಲು ಅಜ್ಜಿ ತಾಮ್ರದ ಹಂಡೆಗೆ ಒಗೆದ ಪಂಚೆಯೊಂದನ್ನು ಮುಚ್ಚಿ ಅಂಚಿಗೆ ದಾರ ಬಿಗಿಯುತ್ತಿದ್ದರು, ನೀರಿಗೆ ಕಲ್ಲಿನ ಹುಡಿ ಬೀಳಬಾರದೆಂದು. ಕುಟ್ಟುವವನ ಮೂಗಿಗೆ ಯಾರೂ ಏನನ್ನೂ ಕಟ್ಟಲಿಲ್ಲ. ಅವನು ಕೆಮ್ಮುತ್ತಿದ್ದ. ನಾಲ್ಕು ಪೆಟ್ಟಿಗೊಮ್ಮೆ ಉಳಿ ನಿಲ್ಲಿಸಿ, ಗೋಡೆಗೆ ಕೈಕೊಟ್ಟು, ಬಗ್ಗಿ ಕೆಮ್ಮುತ್ತಿದ್ದ. ಬೀಡಿಯ ಕೆಮ್ಮು ಎಂದೇ ಮನೆಯವರೆಲ್ಲ ಹೇಳುತ್ತಿದ್ದರು. ಬೀಡಿಯದೂ ಇರಬಹುದು. ಆದರೆ ಆ ಚಪ್ಪಡಿಯಂಥ ಗ್ರಾನೈಟಿನಲ್ಲಿಯೂ ಬೆಣಚು ಇದೆ, ಸಾಮಾನ್ಯವಾಗಿ ನೂರಕ್ಕೆ 20ರಿಂದ 45 ಭಾಗ. ಹಳೆಯ ಕಲ್ಲು ಒಳ್ಳೆಯದು, ಹೊಸ ಕಲ್ಲು ಕೆಟ್ಟದ್ದು ಎಂದು ಹೇಳಲು ನನಗೆ ಧೈರ್ಯವಿಲ್ಲದಿರುವುದು ಈ ಕಾರಣಕ್ಕೆ. ಹೊಸದರಲ್ಲಿ ಬೆಣಚು ನೂರಕ್ಕೆ 90ನ್ನು ಮೀರಬಹುದು, ಮತ್ತು ಉಳಿ ಇಡೀ ದಿನ ಎಬ್ಬಿಸಿದ ಹುಡಿಯನ್ನು ಬ್ಲೇಡು ಕೆಲವೇ ನಿಮಿಷಗಳಲ್ಲಿ ಎಬ್ಬಿಸುತ್ತದೆ, ಅದಕ್ಕಿಂತ ಬಹಳ ನುಣ್ಣಗೆ. ಎದೆಯ ಆಳಕ್ಕೆ ಇಳಿಯುವ ಕಣ ಕೂದಲೆಳೆಯ ದಪ್ಪದಲ್ಲಿ ಹತ್ತನೆಯ ಒಂದು ಪಾಲಿಗಿಂತಲೂ ಸಣ್ಣದು. ಕಣ್ಣಿಗೆ ಕಾಣುವ ಮೋಡಕ್ಕಿಂತ ಕಾಣದೆ ಉಳಿಯುವುದೇ ಹೆಚ್ಚು ಅಪಾಯಕಾರಿ. ಅದು ಹೋಗಿ ಕುಳಿತಲ್ಲಿ ಶ್ವಾಸಕೋಶದೊಳಗೆ ಗಾಯದ ಕಲೆಯಂಥ ಗಂಟುಗಳು ಬೆಳೆಯುತ್ತವೆ. ಸಿಲಿಕೋಸಿಸ್ ಎಂಬ ಈ ರೋಗ ಕೋಲಾರದ ಚಿನ್ನದ ಗಣಿಯವರನ್ನು ಕಾಡಿದ ರೋಗ. ಗುಣಪಡಿಸುವ ಔಷಧವಿಲ್ಲ, ಕೆಲಸ ಬಿಟ್ಟ ಮೇಲೆಯೂ ಬೆಳೆಯಬಹುದು, ಕ್ಷಯ ಹತ್ತುವ ಸಂಭವವನ್ನೂ ಹೆಚ್ಚಿಸುತ್ತದೆ.

ಇಸ್ರೇಲಿನಲ್ಲಿ ಶ್ವಾಸಕೋಶ ಕಸಿಗೆಂದು ಬಂದವರನ್ನು ಪರೀಕ್ಷಿಸುತ್ತಿದ್ದ ವೈದ್ಯರು, ಇಂಥ ಸ್ಲ್ಯಾಬುಗಳನ್ನು ಒಣದಾಗಿ ಕತ್ತರಿಸುತ್ತಾ ಈ ರೋಗಕ್ಕೆ ತುತ್ತಾದ 25 ಮಂದಿಯ ವಿವರವನ್ನು 2012ರಲ್ಲಿ ಪ್ರಕಟಿಸಿದರು. ಸ್ಪೇನ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿಯೂ ಮೂವತ್ತು ನಲವತ್ತರ ಪ್ರಾಯದವರಲ್ಲಿ ರೋಗ ಕಾಣಿಸಿತು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇವುಗಳ ತಯಾರಿಕೆಯನ್ನೂ ಬಳಕೆಯನ್ನೂ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಕಂಪನಿಗಳು ಈಗ ಬೆಣಚು ಕಡಿಮೆ ಮಾಡಿ ಗಾಜಿನ ಪುಡಿ ಮತ್ತು ಬೇರೆ ಖನಿಜ ಬೆರೆಸಿದ ಸ್ಲ್ಯಾಬುಗಳನ್ನು ತರುತ್ತಿವೆ. ಅಕ್ರಿಲಿಕ್ ರಾಳದಲ್ಲಿ ಅಲ್ಯೂಮಿನಿಯಮ್ಮಿನ ಒಂದು ಸಂಯುಕ್ತದ ಹಿಟ್ಟು ಕಲಸಿ ಮಾಡುವ ಕೋರಿಯನ್ ಎಂಬುದು ಡುಪಾಂಟ್ ಕಂಪನಿಯಲ್ಲಿ 1967ರಲ್ಲಿ ಹುಟ್ಟಿದ್ದು. ಅದು ಬೆಣಚಿನಿಂದ ಮಾಡಿದ್ದಲ್ಲ. ಬೇಗ ಗೀರು ಬೀಳುತ್ತದೆ, ಆದರೆ ಉಜ್ಜಿದರೆ ಹೋಗುತ್ತದೆ. ಬಚ್ಚಲಿನ ಒಂದು ಕೌಂಟರಿಗೆ ಅದು ಸಾಕಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನಮ್ಮಲ್ಲಿ ಕಾನೂನಿನ ಪ್ರಕಾರ ಸಿಲಿಕೋಸಿಸ್ ಕಾರ್ಖಾನೆಗಳಲ್ಲಿ ವರದಿ ಮಾಡಲೇಬೇಕಾದ ರೋಗ. ಆದರೆ ನಮ್ಮ ಜಗಲಿ ಕಾರ್ಖಾನೆಯಲ್ಲ. ಒಬ್ಬನೇ ಬೈಕಿನಲ್ಲಿ ಯಂತ್ರ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗುವವನ ಬಳಿಗೆ ಯಾವ ತಪಾಸಣೆಯೂ ಬರುವುದಿಲ್ಲ. ಅಲ್ಲಿ ಇರುವವರು ಅವನು ಮತ್ತು ಮನೆಯವರು ಮಾತ್ರ. ಆದ್ದರಿಂದ ದರ, ಬಣ್ಣ, ಗೆರೆ ಎಲ್ಲ ಕೇಳಿದ ಹಾಗೆಯೇ ಇದನ್ನು ಎಲ್ಲಿ, ಹೇಗೆ ಕತ್ತರಿಸುತ್ತೀರಿ ಎಂದು ಕೇಳುವುದು ಕೊಳ್ಳುವವರ ಕೆಲಸ ಎಂದು ನಾನು ನಂಬಿದ್ದೇನೆ. ನಾನು ಕೇಳಿರಲಿಲ್ಲ.

ಕಟ್ಟೆಯ ಸ್ಲ್ಯಾಬು ಇನ್ನೂ ಬಾಕಿಯಿತ್ತು. ಅದನ್ನು ಜಗಲಿಯಲ್ಲಿ ಕತ್ತರಿಸಲು ಬಿಡದೆ, ಅಳತೆ ಬರೆದುಕೊಂಡು, ಶಿವಮೊಗ್ಗದಲ್ಲಿ ನೀರು ಹರಿಯುವ ದೊಡ್ಡ ಗರಗಸವಿರುವ ಒಂದು ಯಾರ್ಡಿಗೆ ಕಳಿಸಿದೆವು. ಕೆಲಸ ನಾಲ್ಕು ದಿನ ತಡವಾಯಿತು, ಟೆಂಪೋ ಬಾಡಿಗೆ ಬೇರೆ. ಹುಡುಗನಿಗೆ ಆ ದಿನಗಳ ಕೂಲಿ ತಪ್ಪಬಾರದೆಂದು ಗೋಡೆಯ ಅಂಟಿನ ಕೆಲಸ ಕೊಟ್ಟೆ. ಕತ್ತರಿಸಿದ ತುಂಡುಗಳು ಬಂದಾಗ ಅಂಚಿನ ತುಂಬ ಕೆಸರು ಮೆತ್ತಿ, ದಾರಿಯ ಬಿಸಿಲಿಗೆ ಒಣಗಿ, ಸುಣ್ಣ ಬಳಿದಂತಿತ್ತು. ಅವನು ಹಿಡಿಸೂಡಿ ತೆಗೆದುಕೊಂಡು ಬಡಿಯಲು ಹೊರಟ. ತಡೆದೆ. "ಇದು ಕೆಸರಲ್ವಾಕ್ಕಾ?" ಎಂದ. ಒಣಗಿದರೆ ಅದೂ ಅದೇ ಹುಡಿ ಎಂದು ಹೇಳಿ ಅಮ್ಮ ಕೊಟ್ಟ ಕೊಡದಿಂದ ನಾನು ನೀರು ಸುರಿದೆ, ಅವನು ಅಂಗೈಯಲ್ಲಿ ಉಜ್ಜಿದ. ಬಿಳಿಯ ನೀರು ಅಡಿಕೆ ತೋಟದ ಕಡೆಗೆ ಹರಿಯದಂತೆ ಮಣ್ಣಿನ ಕಟ್ಟೆ ಕಟ್ಟಿ, ಹಸಿಯಿರುವಾಗಲೇ ಕೆಸರನ್ನು ಸಿಮೆಂಟಿನ ಖಾಲಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು.

ಅಮ್ಮ ಈಗ ಆ ಕಟ್ಟೆಯ ಮೇಲೆ ಕುಳಿತು ಸ್ನಾನ ಮಾಡುತ್ತಾರೆ. ಗೋಡೆ ಹಿಡಿಯುವುದು ಕಡಿಮೆಯಾಗಿದೆ. ಜೇಡರ ಬಲೆಗಳನ್ನು ಇಷ್ಟು ದಿನ ಹಾಗೇ ಬಿಟ್ಟಿದ್ದೆ, ಒಣ ಪೊರಕೆ ತಾಗಿಸುವಂತಿಲ್ಲವೆಂದು. ಈ ವಾರ ಗಳಕ್ಕೆ ಒದ್ದೆ ಬಟ್ಟೆ ಸುತ್ತಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಒರೆಸಬೇಕು. ಹುಡುಗನಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೋ, ಐದು ವರ್ಷದಿಂದ ಏನು ಕತ್ತರಿಸುತ್ತಿದ್ದೀಯ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳು ಎಂದಿದ್ದೆ. "ನಂಗೆ ಕೆಮ್ಮಿಲ್ಲಕ್ಕಾ" ಎಂದಿದ್ದ. ನಿನ್ನೆ ಮತ್ತೆ ಫೋನ್ ಮಾಡಿದೆ. ಮಳೆಗೆ ಕೆಲಸ ನಿಂತಿದೆಯಂತೆ, ಸೋಮವಾರ ಹೋಗಿ ಬರುತ್ತಾನಂತೆ.